ಮೂರು ತಿಂಗಳ ಬಾಕಿ

ಹನ್ನೊಂದನೇ ನಂಬರಿನ ಎವ್ಲಿನಮ್ಮ
ಮೂರು ತಿಂಗಳ ಇಸ್ತ್ರಿ ಬಾಕಿಗೆ
ದುಡ್ಡಿನ ಬದಲು ಮರದ ಬಕೆಟ್ಟೊಂದು ತಂದಿಟ್ಟರು.
ನಡುವೆ ತಗಡಿನ ಡಬ್ಬಿ, ಅದರೊಳಗೆ ರೆಕ್ಕೆ, ಮೇಲೆ ತಿರುಗಿಸೋ ಹಿಡಿ.
"ಐಸ್‌ಕ್ರೀಮ್ ಮಿಷನ್ನು ರುದ್ರಮ್ಮ, ನಮ್ಮ ಡ್ಯಾಡಿ ಕಾಲದ್ದು.
ಸರಿಯಾಗಿ ಲೆಕ್ಕ ಹಾಕಿದರೆ ನೀನೇ ನನಗೆ ಬಾಕಿ."

ನಾನು ಏನೂ ಅನ್ನಲಿಲ್ಲ.
ಬಕೆಟ್ಟು ಆರು ದಿನ ಗಾಡಿಯ ಕೆಳಗೆ
ಇದ್ದಿಲ ಚೀಲದ ಪಕ್ಕ ಕೂತಿತ್ತು.
ಏಳನೇ ದಿನ ಜಯಶೀಲ ಕೇಳಿದಳು:
"ಅಮ್ಮಾ, ಆ ಹಾರ್ಲಿಕ್ಸ್ ಬಾಟ್ಲಿಲಿರೋದು ಹಾಕ್ಬೋದಾ?"

ಆ ಬಾಟಲಿಯ ಕತೆ ಹೇಳಬೇಕು.
ಕಾಕ್ಸ್ ಟೌನಿನ ಈ ಮೂಲೆಯಲ್ಲಿ ನನ್ನ ಗಾಡಿಗೆ ಸೂರು
ಒಂದು ಕಾಡುಬಾದಾಮಿ ಮರ.
ರಾತ್ರಿ ಬಾವಲಿಗಳು ಬಂದು ಮೇಲಿನ ತಿರುಳು ಮಾತ್ರ ಕಚ್ಚಿ
ಮಿಕ್ಕಿದ್ದನ್ನು ಗಾಡಿಯ ತಗಡಿನ ಮೇಲೆ ಟಪ್ಪೆಂದು ಉದುರಿಸುತ್ತವೆ.
ಬೆಳಿಗ್ಗೆ ಗುಡಿಸುವ ಮುಂಚೆ ಆಯ್ದು, ಒಣಗಿಸಿ,
ಗಿರಾಕಿ ಇಲ್ಲದ ಹೊತ್ತಲ್ಲಿ
ಫುಟ್‌ಪಾತಿನ ಅಂಚಿಗೆ ನಿಲ್ಲಿಸಿ ಕಲ್ಲಲ್ಲಿ ಒಂದೇ ಏಟು.
ಜೋರಾದರೆ ಪುಡಿ, ಮೆತ್ತಗಾದರೆ ಜಾರಿ ಹೆಬ್ಬೆರಳು.
ನೂರು ಒಡೆದರೆ ಅರ್ಧ ಹಿಡಿ,
ಒಂದೊಂದೂ ಮಗುವಿನ ಕಿರುಬೆರಳಷ್ಟು.
ಅಷ್ಟು ಚಿಕ್ಕದನ್ನ ಅಷ್ಟು ನಾರಲ್ಲಿ ಯಾಕೆ ಸುತ್ತಿಟ್ಟಿತೋ ಮರ.
ಅಂಗಡಿಯ ಬಾದಾಮಿಗೂ ಇದಕ್ಕೂ ನೆಂಟಸ್ತನ
ಹೆಸರಲ್ಲಿ ಮಾತ್ರ.

ಭಾನುವಾರ.
ಮಾರ್ಕೆಟ್ಟಿನ ಮೀನಂಗಡಿಯಿಂದ ತಂದ ಐಸು
ಮೂರು ಸಲ ತೊಳೆದರೂ ಬಂಗುಡೆ ಬಂಗುಡೆ ಅನ್ನುತ್ತಿತ್ತು.
"ಅದು ಹೊರಗೇ ಇರುತ್ತೆ ಬಿಡು, ಒಳಗೆ ಹೋಗಲ್ಲ,"
ಅಂದರು ಎವ್ಲಿನಮ್ಮ, ಸ್ಟೂಲು ತಂದು ಕೂತು,
ಕೊಡೆ ಬಿಚ್ಚಿ, ಮೇಸ್ತ್ರಿಯ ಹಾಗೆ.
ಎರಡು ಲೀಟರ್ ನಂದಿನಿ ಬತ್ತಿ ಒಂದಾಗಿತ್ತು.
ಇಸ್ತ್ರಿಪೆಟ್ಟಿಗೆಯ ಬಾಯಿ ತೆಗೆದು
ಕೆಂಡದ ಮೇಲೆ ಒಗ್ಗರಣೆ ಸೌಟಿಟ್ಟು ಬೀಜ ಹುರಿದೆ.
ಆ ಘಮಕ್ಕೆ
ಮಡಿಸಿಟ್ಟ ಡಾಕ್ಟರ ಅಂಗಿಗಳೆಲ್ಲ ಕತ್ತೆತ್ತಿದ ಹಾಗಾಯಿತು.

ಒಂದು ಸುತ್ತು ಐಸು, ಒಂದು ಸುತ್ತು ಕಲ್ಲುಪ್ಪು.
"ಇನ್ನೂ ಉಪ್ಪು. ಜಿಪುಣತನ ಮಾಡ್ಬೇಡ."
ಉಪ್ಪು ಬಿದ್ದರೆ ಐಸು ಕರಗುತ್ತದಂತೆ,
ಕರಗುತ್ತ ಕರಗುತ್ತ ಇನ್ನೂ ತಣ್ಣಗಾಗುತ್ತದಂತೆ.
ಇದು ಯಾವ ನ್ಯಾಯವೋ. ಜಯಶೀಲ ಸ್ಕೂಲಿನದು
ಏನೋ ಬಿಡಿಸಿ ಹೇಳಿದಳು, ನನಗೆ ಹತ್ತಲಿಲ್ಲ.
ತಿರುಗಿಸಿದೆವು. ಅವಳು ನೂರು, ನಾನು ಇನ್ನೂರು,
ಸೀರೆ ಕೊಡಲು ಬಂದ ಪಾರ್ವತಿಬಾಯಿ ಐವತ್ತು,
ಅಡ್ರೆಸ್ ಕೇಳಲು ನಿಂತ ಪಾರ್ಸಲ್ ಹುಡುಗ
ಹೆಲ್ಮೆಟ್ಟೂ ತೆಗೆಯದೆ ಎಪ್ಪತ್ತು.
ಹಿಡಿ ಬಿಗಿಯಾಯಿತು.
"ಆಯ್ತು," ಎವ್ಲಿನಮ್ಮ ಎದ್ದು ನಿಂತರು, "ಈಗ ಬೀಜ."

ಡಬ್ಬಿ ಎತ್ತಿದಾಗ ಬೆರಳು ಅಂಟಿಕೊಂಡಿತು.
ಇಪ್ಪತ್ತಾರು ವರ್ಷ ಸುಟ್ಟುಕೊಂಡ ಕೈ ಇದು,
ಕೆಂಡಕ್ಕೆ ಹೆದರಿದ್ದಲ್ಲ.
ತಂಪೂ ಹೀಗೆ ಕಚ್ಚುತ್ತದೆಂದು
ಯಾರೂ ಹೇಳಿರಲಿಲ್ಲ.
ಅಯ್ಯಯ್ಯೋ ಅಂದೆ. ನಕ್ಕರು. ನಾನೂ.

ಸ್ಟೀಲ್ ಲೋಟಗಳಲ್ಲಿ ತಿಂದೆವು, ನಿಂತುಕೊಂಡೇ.
ಎಲ್ಲೋ ಒಂದು ಹನಿ ಉಪ್ಪು ಒಳಗೆ ಸೇರಿತ್ತು,
ಯಾರೂ ಅದನ್ನ ಬಾಯಿಬಿಟ್ಟು ಹೇಳಲಿಲ್ಲ.
ಬೀಜ ಹಲ್ಲಿಗೆ ಸಿಕ್ಕಾಗಲೆಲ್ಲ ಮಾತು ನಿಲ್ಲುತ್ತಿತ್ತು.
ಎವ್ಲಿನಮ್ಮ ಎರಡನೇ ಸಲ ಲೋಟ ಚಾಚಿ
"ಡ್ಯಾಡಿ ಪಿಸ್ತಾ ಹಾಕೋರು," ಅಂದರು.
ಸ್ವಲ್ಪ ಹೊತ್ತು ಬಿಟ್ಟು, "ಇದೂ ಪರವಾಗಿಲ್ಲ."
ಹಾಗಾದರೆ ಬಾಕಿ ಚುಕ್ತಾನಾ ಅಂತ ಕೇಳೋಣವೆಂದಿದ್ದೆ.
ಬಾಯಿ ತುಂಬಿತ್ತು.

ಸಂಜೆ ಬಕೆಟ್ಟಿನಲ್ಲಿ ಉಳಿದದ್ದು ಉಪ್ಪುನೀರು.
ಅಭ್ಯಾಸಬಲ, ಮರದ ಬುಡಕ್ಕೆ ಸುರಿಯಲು ಬಗ್ಗಿದವಳು
ನಿಂತೆ.
ಎರಡು ಕೈಯಲ್ಲಿ ಎತ್ತಿಕೊಂಡು, ಸೀರೆ ನೆನೆಸಿಕೊಂಡು,
ರಸ್ತೆ ದಾಟಿ ಆಚೆ ಮೋರಿಗೆ ಚೆಲ್ಲಿ ಬಂದೆ.

ತಗಡಿನ ಮೇಲೆ ಟಪ್ಪೆಂದಿತು.
ಇವತ್ತು ಬೇಗ ಬಂದಿವೆ.